ಕೊಡ ಮುಟ್ಟಿದ ಸದ್ದು

ಭಾನುವಾರ ರಾತ್ರಿ ಮುಗಿಯಿತು ನೂರಾ ನಾಲ್ಕನೆಯ ಕಂತು.
ಸೋಮವಾರ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಹದಿನಾರು ಮಷೀನು ಒಟ್ಟಿಗೆ ಒದರುತ್ತಿದ್ದರೂ
ಎಲ್ಲರ ಬಾಯಲ್ಲಿ ಒಂದೇ ಮಾತು:
ಕೊಡ ನೀರು ಮುಟ್ಟಿತೋ, ಇಲ್ಲವೋ.

ನೋಡದವರಿಗೆ ಹೇಳುತ್ತೇನೆ.
ಕಾರ್ಟೂನಿನ ಹುಡುಗಿ ಕೆಂಚಿ. ಬೆನ್ನ ಮೇಲೆ ಒಂದು ಬಾವಿ,
ಕಲ್ಲಿನದು, ರಾಟೆ ಹಗ್ಗ ಸಮೇತ.
ಅದನ್ನು ಇಳಿಸಲು ಜಾಗ ಹುಡುಕುತ್ತ ಐದು ವರ್ಷ ನಡೆದಳು.
ಅವಳು ಹೊರಟಾಗ ನಾನು ದಾರ ಕತ್ತರಿಸುವವಳು,
ಈಗ ಕಾಜಾ ಮಷೀನು ನನ್ನದು, ಕನ್ನಡಕವೂ ಬಂದಿದೆ.
ಅವಳ ಜಡೆ ಮಾತ್ರ ಅಷ್ಟೇ ಉದ್ದ.

ಕೊನೆಗೆ ಇಳಿಸಿದಳು.
ಹಗ್ಗ ಬಿಟ್ಟಳು. ಇಳಿಯಿತು, ಇನ್ನೂ ಇಳಿಯಿತು,
ರಾಟೆ ಕಿರ್ರೆಂದು ನಿಂತಿತು,
ಪರದೆ ಕಪ್ಪಾಯಿತು.
ಹನ್ನೊಂದು ಸೆಕೆಂಡು. ಆಮೇಲೆ ಹೆಸರುಗಳು.

"ಮೋಸ ಮಾಡ್ಯಾರ," ಅಂದ ಶೇಕ್ಷಾವಲಿ ಇಸ್ತ್ರಿಯ ಹಬೆಯೊಳಗಿಂದ.
"ಐದು ವರ್ಷ ಡೇಟಾ ಹಾಕ್ಸಿ ನೋಡೀನಿ.
ನೀರು ತೋರ್ಸಾಕ ಏನಾಗಿತ್ತು ರೋಗ?
ಒಂದು ಹನಿ. ನನಗ ಒಂದು ಹನಿ ಸಾಕಿತ್ತು."

"ತೋರ್ಸಿದ್ರ ಅದು ಆಕಿ ನೀರು," ಅಂದಳು ಹುಲಿಗೆಮ್ಮ,
"ತೋರ್ಸಲಿಲ್ಲ, ಅದಕ್ಕ ನಿನ್ನಿ ರಾತ್ರಿ ನಾ ನಿದ್ದಿ ಮಾಡಿಲ್ಲ."
"ನಿದ್ದಿ ಕೆಡಿಸಾದು ಒಳ್ಳೇದೇನು?"
"ಸೊಳ್ಳಿ ಕೆಡಿಸಾದಕ್ಕಿಂತ ಒಳ್ಳೇದು."

ಗಾದಿಲಿಂಗನಿಗೆ ನೀರಿನ ಚಿಂತೆಯೇ ಇಲ್ಲ.
ಅವನು ಕೇಳುವುದು ಒಂಟಿ ಕಿವಿಯ ಕತ್ತೆ ಎಲ್ಲಿ ಅಂತ.
ಇಪ್ಪತ್ತೊಂದನೆಯ ಕಂತಿನಲ್ಲಿ 'ಬರ್ತೀನಿ, ಇರು' ಅಂದು ಹೋದದ್ದು
ಬರಲೇ ಇಲ್ಲ.
"ಬರಾದಿಲ್ಲಂದ್ರ ಬರ್ತೀನಿ ಅನ್ನಿಸಬಾರದಿತ್ತು."
ಬೆಲ್ಟಿನ ಪಟ್ಟಿ ಇಡುವವನು ಅವನು,
ಪ್ಯಾಂಟಿಗೆ ಏಳು. ಆರಾದರೆ ಗಂಟೇ ವಾಪಸು.

ಕಟಿಂಗ್ ಮಾಸ್ತರ ಪಂಪಾಪತಿ ನಡುವೆ ಬಾಯಿ ಹಾಕಿ
ಕೆಂಚಿಗೊಂದು ಮದುವೆ ಮಾಡಬೇಕಿತ್ತು ಅಂದರು.
"ಈಗಿನ್ನಾ ಒಂದು ಇಳಿಸ್ಯಾಳ್ರೀ ಮಾಸ್ತರ," ಹುಲಿಗೆಮ್ಮ ಸೂಜಿ ಎತ್ತಲಿಲ್ಲ,
"ಇನ್ನೊಂದು ಹೊರಸ್ತೀರಾ?"

ಊಟಕ್ಕೆ ಎರಡು ಪಕ್ಷ, ನಡುವೆ ಒಗ್ಗರಣಿ, ಮಿರ್ಚಿ.
ಚಿಂದಿ ಗುಡಿಸುವ ಎರ್ರೆಮ್ಮ ಒಂದು ಕಂತೂ ನೋಡಿದವಳಲ್ಲ.
ಅವಳಪ್ಪ ತೊಗಲುಗೊಂಬೆ ಆಡಿಸುತ್ತಿದ್ದ, ಊರೂರು ತಿರುಗಿ.
"ಮಂಗಳ ಹಾಡಿದ್ರು. ನಾ ಪರದಿ ಹಿಂದ ಓಡಿದ್ನಿ.
ಸತ್ತ ರಕ್ಕಸ ಬುಟ್ಟ್ಯಾಗ ಬಿದ್ದಿದ್ದ, ದೊರೆಸಾನಿ ಮ್ಯಾಲ.
ಮುಗೀತೇನಪ್ಪಾ ಅಂದ್ನಿ.
ಎಣ್ಣಿ ಮುಗೀತು ಅಂದ."
"ಇದು ಉತ್ತರಾಗ್ಲಿಲ್ಲ ಬಿಡಬೇ," ಅಂದ ಶೇಕ್ಷಾವಲಿ.
"ಹೌದಪಾ. ನನಗೂ ಅವತ್ತು ಭಾಳ ಸಿಟ್ಟು ಬಂದಿತ್ತು."
ಮಿರ್ಚಿಯ ತೊಟ್ಟು ಎಸೆದು ಪೊರಕೆ ಹಿಡಿದಳು.

ಮೂರಕ್ಕೆ ಕರೆಂಟು ಹೋಯಿತು.
ಮಷೀನುಗಳೆಲ್ಲ ಸತ್ತಂತೆ ನಿಂತ ಆ ಗಳಿಗೆಯಲ್ಲಿ
ಯಾರಿಗೆ ಹೊಳೆಯಿತೋ, ಫೋನನ್ನು ಸ್ಟೀಲ್ ಲೋಟದಲ್ಲಿಟ್ಟು
ಕೊನೆಯ ದೃಶ್ಯ ಹಚ್ಚಿದರು.
ತಲೆಗಳೆಲ್ಲ ಒಂದು ಲೋಟದ ಸುತ್ತ,
ನೂಲಿನ ಧೂಳು, ಬೆವರು, ಯಾರದೋ ಮಲ್ಲಿಗೆ.
ಹಗ್ಗ ಇಳಿಯಿತು. ರಾಟೆ ನಿಂತಿತು. ಕಪ್ಪು.
ಒಂದು, ಎರಡು. ಬಳೆ ಸದ್ದು ಮಾಡಿದವಳಿಗೆ ಶ್ ಅಂದೆವು.
ಐದು, ಆರು.
ಏಳಕ್ಕೆ ಡುಬ್!

ಕೊಡ ಅಂದರು ಅರ್ಧ ಜನ.
ಉಳಿದವರು ಹಿತ್ತಲ ಜನರೇಟರು ಅಂದರು,
ಅದು ಆಗಲೇ ಗುಡುಗತೊಡಗಿತ್ತು.
ನನಗೆ? ನಾನು ಉಗುಳು ನುಂಗಿದ್ದೆ, ಅದೇ ಇರಬಹುದು.
ಹೇಳಲಿಲ್ಲ ಯಾರಿಗೂ.

ಸಂಜೆ ನನ್ನ ಮುಂದೆ ಬಂದ ಗಂಟಿನಲ್ಲಿ, ಮೂವತ್ತೆರಡರ ಸೈಜು,
ಒಂದು ಪ್ಯಾಂಟಿನ ಜೇಬಿನ ಒಳಬಟ್ಟೆಯ ಮೇಲೆ
ಸೀಮೆಸುಣ್ಣದ ಕತ್ತೆ. ಒಂದೇ ಕಿವಿ.
ಗಾದಿಲಿಂಗನತ್ತ ನೋಡಿದೆ. ಅವನು ಪಟ್ಟಿ ಎಣಿಸುತ್ತಿದ್ದ.

ಮೊದಲ ತೊಳೆತಕ್ಕೇ ಹೋಗುತ್ತದೆ.
ಕಾಜಾ ಹೊಡೆದೆ,
ಒಳಗಿನದು ಒಳಗೇ ಇರುವಂತೆ ಮಡಚಿ
ಮುಂಬಯಿಯ ಗಂಟಿಗೆ ಹಾಕಿದೆ.