ಮೂಗಿಗೆ ಹನ್ನೊಂದು ಗ್ರಾಂ

ಬೆಂಡಿಗೋ ಊರಾಚೆ, ಹಳೇ ಚಿನ್ನದ ಗಣಿಯ
ಮಣ್ಣುದಿಬ್ಬದ ಹಿಂದೆ, ಕುರಿ ಮೇಯುವ ಬಯಲು.
ಸೆಪ್ಟೆಂಬರಿನ ಶನಿವಾರ. ಏಳೂಕಾಲು.
ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿಗೆಲ್ಲ ಉಪ್ಪು ಹಿಡಿದಿತ್ತು.
ಮರ್ವಿನ್ ಟ್ರೆಗೆನ್ಜಾ ವ್ಯಾನಿನ ಹಿಂಬಾಗಿಲು ತೆರೆದು
ರಜಾಯಿ ಸರಿಸಿದ,
ಕೂಸು ಮಲಗಿದ ಕೋಣೆಯಲ್ಲಿ ಸರಿಸುವಂತೆ.
ಒಳಗೆ ಹಳದಿ ರೆಕ್ಕೆ.

ಮೂರು ಚಳಿಗಾಲ ಹಿಡಿದಿತ್ತು ಅದಕ್ಕೆ.
ಬಾಲ್ಸಾ ಕೊಯ್ದು, ಅಂಟಿಸಿ, ಉಜ್ಜಿ,
ಹೆಂಡತಿ ನೋರೀನಳ ಇಸ್ತ್ರಿಪೆಟ್ಟಿಗೆಯಿಂದಲೇ
ಹಳದಿ ಹಾಳೆ ಬಿಗಿದಿದ್ದ.
ಆಮೇಲೆ ಅವನ ಒಳ್ಳೆಯ ಅಂಗಿಗೂ ಹಳದಿ ಗೆರೆ ಬಿತ್ತು.
ಆ ಕತೆ ನೋರೀನಳ ಬಾಯಲ್ಲೇ ಕೇಳಬೇಕು.
ಮೂರನೆಯ ಚಳಿಗಾಲದಲ್ಲಿ ಅವನ ಬಲಗೈ
ತನ್ನ ಪಾಡಿಗೆ ತಾನು ನಡುಗಲು ಕಲಿಯಿತು.

ಹಾಗಾಗಿ ನಾನು.

ನಾನು ಹಲ್ಲು ಮಾಡುವವನು. ಮೇಣ, ಪ್ಲಾಸ್ಟರು, ಪಿಂಗಾಣಿ.
ಕೂದಲೆಳೆಯಷ್ಟು ಎತ್ತರವಾದರೂ
ಕಚ್ಚಿದವರಿಗೆ ಗೊತ್ತಾಗಿಬಿಡುತ್ತದೆ.
ಅವನ ಮೇಲ್ದವಡೆಯ ಸೆಟ್ಟು ನನ್ನದೇ ಕೈಕೆಲಸ.
"ಇಷ್ಟು ಅಲುಗದ ಕೈ ಇಟ್ಟುಕೊಂಡು ಬರೀ ಹಲ್ಲೇನಯ್ಯಾ?"
ಎಂದಿದ್ದ, ಆ ಹಲ್ಲನ್ನೇ ಕಿರಿದು.

ಮೊದಲು ತೂಕ.
ರೆಕ್ಕೆಯಡಿಗೆ ಎರಡು ತೋರುಬೆರಳು,
ಅವನಿಟ್ಟ ಪೆನ್ಸಿಲ್ ಚುಕ್ಕೆಗೆ ಸರಿಯಾಗಿ.
ವಿಮಾನ ಬಾಲ ಇಳಿಬಿಟ್ಟು ಕೂತಿತು, ಉಂಡ ನಾಯಿ.
"ಮೂಗು ಭಾರವಾದರೆ ಮುನಿಸಿಕೊಂಡು ಹಾರುತ್ತೆ.
ಬಾಲ ಭಾರವಾದರೆ, ಪುಣ್ಯಾತ್ಮಾ, ಒಂದೇ ಸಲ ಹಾರುತ್ತೆ."
ಪುಣ್ಯಾತ್ಮ ಅನ್ನುವುದು ನಾನು ಹಾಕಿದ್ದು.
ಅವನಂದ ಮಾತು ಬೇರೆ.

ನನ್ನ ಜೇಬಿನಲ್ಲಿ ಸೀಸದ ಹಾಳೆಗಳಿದ್ದವು,
ಹಳೇ ಎಕ್ಸ್‌-ರೇ ಫಿಲಂ ಪೊಟ್ಟಣದೊಳಗಿನವು.
ಯಾಕೆ ಎಸೆಯದೆ ಇಟ್ಟಿದ್ದೆನೋ.
ಯಾರದೋ ಕಡೆಹಲ್ಲಿನ ಹಿಂದೆ ನಿಂತು
ಬೆಳಕು ಮುಂದೆ ಹೋಗದಂತೆ ತಡೆದ ಹಾಳೆಗಳು.
ಮಡಚಿ, ಮತ್ತೆ ಮಡಚಿ, ಮೋಟಾರಿನ ಹಿಂದೆ ತುರುಕಿದೆ.
ಒಂದು. ನಾಲ್ಕು. ಇನ್ನೂ ಒಂದು.
ಹನ್ನೊಂದು ಗ್ರಾಮಿಗೆ ಬಾಲ ಎದ್ದಿತು,
ಯಾರೋ ಹೆಸರು ಹಿಡಿದು ಕರೆದರು ಅನ್ನುವ ಹಾಗೆ.

ಆಮೇಲೆ ದೂರ.
ರೇಡಿಯೊದ ಶಕ್ತಿ ತಗ್ಗಿಸಿ ಮೂವತ್ತು ಹೆಜ್ಜೆ ನಡೆದೆ.
ಅವನು ವಿಮಾನದ ಪಕ್ಕ ಮಂಡಿಯೂರಿ ಕೂಗುತ್ತಿದ್ದ.
"ಮೇಲೆ!" ಮೇಲೆ.
"ಕೆಳಗೆ!" ಕೆಳಗೆ.
"ಬಲ!" ಬಲಕ್ಕೆ ತಳ್ಳಿದೆ.
ಮಾತಿಲ್ಲ.
"ಬಲ ಅಂದೆ, ಬಲ!"
ಬಲವೇ ಮಾರಾಯ, ಉಣ್ಣುವ ಕೈಯಾಣೆಗೂ ಬಲ.
ಹತ್ತಿರ ಹೋದರೆ ಎಡರೆಕ್ಕೆಯ ಅಂಚಿನ ಪಟ್ಟಿ
ಎದ್ದು ನಿಂತಿದೆ, ಉಲ್ಟಾ.
ಹಾರಿದ್ದರೆ ಎರಡನೇ ತಿರುವಿಗೇ ನೆಲ.

ತಿದ್ದುವುದು ಏನಿಲ್ಲ,
ರೇಡಿಯೊದ ಪುಟ್ಟ ಪರದೆಯಲ್ಲಿ ಒಂದು ಪದ ತಿರುಗಿಸಿದರೆ ಮುಗಿಯಿತು.
ನಿನ್ನೆ ರಾತ್ರಿ ಅದನ್ನು ಒತ್ತಿದ್ದು ಅವನೇ.
ತೊಡೆಯ ಮೇಲಿದ್ದ ಬಲಗೈಯನ್ನು ನೋಡಿದ.
ಎಡಗೈಯಿಂದ ಹಿಡಿದು
ಬೀಗದ ಕೈ ಇಟ್ಟಂತೆ ಕೋಟಿನ ಜೇಬಿಗೆ ಇಟ್ಟ.
"ಮತ್ತೆ ಮೊದಲಿಂದ" ಎಂದ.
ಮೇಲೆ. ಕೆಳಗೆ. ಬಲ. ಎಡ.

ಕಂಬದ ತುದಿಗೆ ಆ ಹಳದಿ ಗೆರೆಯ ಅಂಗಿಯ ತೋಳು ಕಟ್ಟಿದ್ದ, ಗಾಳಿ ನೋಡಲು.
ಅದು ಜೋತುಬಿದ್ದಿತ್ತು. ಒಮ್ಮೆ ತುಂಬಿತು,
ಒಳಗೆ ಕೈ ತೂರಿಸಿದ ಹಾಗೆ. ಮತ್ತೆ ಖಾಲಿ.
ಐರನ್‌ಬಾರ್ಕ್ ಮರದಲ್ಲಿ ಎರಡು ಮ್ಯಾಗ್‌ಪೈ,
ಗೂಡಿನ ಕಾಲ, ಕಂಡವರ ತಲೆ ಕುಕ್ಕುವ ಕಾಲ,
ನಮ್ಮನ್ನು ಅಳೆಯುತ್ತ ಕೂತಿದ್ದವು.

ವಿಮಾನ ಗಾಳಿಗೆ ಮುಖಮಾಡಿ ನಿಂತಿತು.
ರೇಡಿಯೊ ನನ್ನ ಕೊರಳಿನ ಪಟ್ಟಿಯಲ್ಲಿ.
ಇನ್ನೇನು, ಅನ್ನುವಾಗ ಪಕ್ಕಕ್ಕೆ ಬಂದು
ಭುಜಕ್ಕೆ ಭುಜ ಒತ್ತಿ ನಿಂತ.
ಒಂದು ಮಾತೂ ಕೇಳದೆ
ನನ್ನ ಎಡಹೆಬ್ಬೆರಳನ್ನು ಕಡ್ಡಿಯಿಂದ ಎತ್ತಿ ಆಚೆಗಿಟ್ಟ.
ಅಲ್ಲಿ ತನ್ನದನ್ನು ಊರಿದ.
ಎಡಗಡೆ ವೇಗ, ನೆಲದ ಮೇಲಿನ ದಾರಿ.
ಬಲಗಡೆ ಏಳುವುದು, ಬಾಗುವುದು.
ಅವನ ಎಡಗೈ ಕಲ್ಲು.
ಅವನ ಬಾಯಲ್ಲಿ ಹೊಗೆಸೊಪ್ಪಿನ ವಾಸನೆ,
ಪುದೀನ, ನನ್ನ ಹಲ್ಲು.

ಹೊರಟಿತು.
ಉಪ್ಪಿನ ಮೇಲೆ ಮೂರು ಗೆರೆ,
ಎರಡು ಚಕ್ರದ್ದು, ಒಂದು ಬಾಲದ್ದು.
ಬಾಲ ಎದ್ದಿತು. ಎರಡು ಗೆರೆ.
"ಈಗ" ಎಂದ ಅವನು, ಅಥವಾ ನಾನು.

ಆಮೇಲೆ ಬರೀ ಇಬ್ಬನಿ.