ಗೊಂಬೆಗೆ ಸೋತವನು

ಅರಸೀಕೆರೆ, ಗೂಡ್ಸ್ ಶೆಡ್ಡಿನ ಹಿಂದಿನ ಗರಡಿ.
ಸಾಮು ಮುಗಿದು ಮೈಯ ಕೆಮ್ಮಣ್ಣು ಬಿರಿಯುವ ಹೊತ್ತು
ಉಸ್ತಾದ್ ಪುಟ್ಟಮಾದಣ್ಣನಿಗೆ ಮೊಬೈಲು ಹಿಡಿದೆ:
ಜಪಾನಿನ ಯಾವುದೋ ಊರು, ನಲವತ್ತು ಕುರ್ಚಿ,
ಗಾಳಿ ತುಂಬಿದ ಗೊಂಬೆಯ ಜೊತೆ ಒಬ್ಬನ ಕುಸ್ತಿ.

ಗೊಂಬೆ ಅವನನ್ನೆತ್ತಿ ಒಗೆಯಿತು.
ಎದೆ ಮೇಲೆ ಕೂತಿತು.
ಚಿತ್.

ನಾನು ನಕ್ಕೆ. ಉಸ್ತಾದ್ ನಗಲಿಲ್ಲ.
ಮುದುಡಿದ ಕಿವಿ ಸವರುತ್ತಾ
‘ಹಿಂದಕ್ಕೆ ಹಾಕು’ ಅಂದರು, ಮೂರು ಸಲ.
‘ಗೊಂಬೆಗೆ ತೂಕ ಎಲ್ಲಿಂದ ಬಂತಲೇ?
ಅವನೇ ಕೊಟ್ಟ.’

ಆಮೇಲೆ, ಮಟ್ಟಿಗೆ ಹೇಳುವಂತೆ:
‘ತಿಪಟೂರಲ್ಲಿ ನಾನೂ ಬಿದ್ದಿದ್ದೆ, ಎಂಟುನೂರು ರೂಪಾಯಿಗೆ.
ಇಷ್ಟು ಚೆಂದ ಬೀಳಲಿಲ್ಲ.
ಜನಕ್ಕೆ ಗೊತ್ತಾಯ್ತು.’

ಮಾರನೇ ನಸುಕಿಗೆ ನೀರು ಚಿಮುಕಿಸಲು ಹೋದರೆ
ಉಸ್ತಾದ್ ಆಗಲೇ ಒಳಗಿದ್ದರು.
ಹಳೇ ಟವೆಲ್ಲೊಂದನ್ನು ಹೆಗಲಿಗೇರಿಸಿ
ಅದರ ಭಾರಕ್ಕೆ, ನಿಧಾನ,
ಮೊಣಕಾಲು ಮಡಿಸುತ್ತಿದ್ದರು.