ಆನೆಗೆ ಎರಡೂ ಕಡೆ

ಮೇಜಿನ ಮೇಲೆ ಸೀಮೆಸುಣ್ಣದ ಪೆಟ್ಟಿಗೆ ಇಟ್ಟೆ,
ಆನ್ ದ ಟೇಬಲ್.
ಕೆಳಗಿಟ್ಟೆ, ಅಂಡರ್.
ಮುಟ್ಟದ ಹಾಗೆ ಮೇಲೆ ಹಿಡಿದೆ, ಓವರ್.
ಎಂಟನೇ ತರಗತಿ ನಕ್ಕಿತು.
ಇಪ್ಪತ್ತಾರು ವರ್ಷದಿಂದ ತಾಳವಾಡಿಯ ಈ ಕನ್ನಡ ಶಾಲೆಯಲ್ಲಿ
ಇದೊಂದು ಪೆಟ್ಟಿಗೆ ಎತ್ತಿ ಇಳಿಸಿ
ನನ್ನ ಬಲಭುಜ ಸವೆದಿದೆ.

ನಮ್ಮಲ್ಲಿ ಹಿಂದೆ ಬರುತ್ತದೆ ಮಕ್ಕಳೇ,
ಊರು ಮೊದಲು, ಆಮೇಲೆ ಇಂದ.
ಮರ ಮೊದಲು, ಆಮೇಲೆ ಕೆಳಗೆ.
ಬಂದವರನ್ನು ಕೂರಿಸಿ, ನೀರು ಕೊಟ್ಟು,
ಆಮೇಲೆ ಕೇಳುತ್ತೇವೆ ಎಲ್ಲಿಂದ ಅಂತ.
ಇಂಗ್ಲಿಷಿಗೆ ಅವಸರ.
ಇನ್, ಅಟ್, ಬೈ, ಫ್ರಂ
ಚೆಕ್‌ಪೋಸ್ಟಿನ ಪೊಲೀಸರ ಹಾಗೆ ಮುಂದೆಯೇ ನಿಂತಿರುತ್ತವೆ,
ಅವುಗಳನ್ನು ದಾಟಿ ಬರಬೇಕು ನಾಮಪದ.

ಕೊನೆಯ ಬೆಂಚಿನಿಂದ ಜಡೇಮಾದಿ:
"ಆನೆಗೆ ಎರಡೂ ಕಡೆ ತೂಗ್ತದಲ್ಲ ಟೀಚರ್,
ಮುಂದೆ ಸೊಂಡ್ಲು, ಹಿಂದೆ ಬಾಲ.
ಅದು ಯಾವ ಭಾಸೆ?"

ಉತ್ತರ ನನ್ನ ಬಳಿ ಇರಲಿಲ್ಲ.
ಇನ್ ದ ಕಾರ್, ಆದರೆ ಆನ್ ದ ಬಸ್
ಯಾಕೆ ಅನ್ನುವುದಕ್ಕೂ ಇರಲಿಲ್ಲ.
"ಬಸ್ಸಿನ ಮೇಲಾ? ಕೋಸಿನ ಮೂಟೆ ಜೊತೆಗಾ?"
ಅಲ್ಲ ಕಣೋ, ಒಳಗೇ. ಆದರೂ ಆನ್.
ಕೆಲವನ್ನು ಬಾಯಿಪಾಠ ಮಾಡಬೇಕು,
ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು
ಡ್ರೈವರು ಕೈಪಾಠ ಮಾಡಿಕೊಂಡ ಹಾಗೆ.
ಯಾಕೆ ಹೀಗೆ ಅಂತ ಅವನು ಬೆಟ್ಟವನ್ನು ಕೇಳುವುದಿಲ್ಲ.

ಆನೆಗೆ ಹೆದರುತ್ತೇನೆ, ಅನ್ನುತ್ತೇವೆ.
ಬಾಳೆಗೊನೆ ಕೊಟ್ಟ ಹಾಗೆ
ಹೆದರಿಕೆಯನ್ನು ಆನೆಗೇ ಕೊಟ್ಟುಬಿಡುತ್ತೇವೆ.
ಅವರದು ಅಫ್ರೈಡ್ ಆಫ್. ಹೆದರಿಕೆ ಆನೆಯದೇ ಸ್ವತ್ತು,
ನಮ್ಮ ಹತ್ತಿರ ಅಡವಿಗೆ ಇಟ್ಟಿದೆ.
ಎರಡೂ ಸರಿ ಇರಬಹುದು.
ಪರೀಕ್ಷೆಯಲ್ಲಿ ಒಂದೇ ಸರಿ.

ಫ್ರಂ ಪಾಠ ಬಂದಾಗ ನನಗೇ ಗಂಟಲು ಕಟ್ಟುತ್ತದೆ.
ಚಾಮರಾಜನಗರದ ಸೀರೆ ಅಂಗಡಿಯಲ್ಲಿ
ನಾನು ತಮಿಳುನಾಡಿನಿಂದ ಬಂದವಳು.
ಈರೋಡಿನ ಕಚೇರಿಯಲ್ಲಿ ಕರ್ನಾಟಕದಿಂದ.
ನಮ್ಮಜ್ಜಿ ಮಸಣಮ್ಮನನ್ನು ಕೇಳಿದರೆ
ಸೇದೋ ಬಾವಿ ಪಕ್ಕದವಳು ಅನ್ನುತ್ತಿದ್ದಳು.
ಅವಳಿಗೆ ಇಂದ ಬೇಕಾಗಲೇ ಇಲ್ಲ.

ಕಾಲು ಪರೀಕ್ಷೆ. ಬಿಟ್ಟ ಸ್ಥಳ ತುಂಬಿರಿ.
ದ ಎಲಿಫೆಂಟ್ ಕೇಮ್ ಡ್ಯಾಶ್ ಅವರ್ ಫೀಲ್ಡ್.
ಉತ್ತರದ ಹಾಳೆಯಲ್ಲಿ ಇರುವುದು ಇನ್‌ಟು.
ಜಡೇಮಾದಿ ಬರೆದದ್ದು ಫ್ರಂ.

ಕರೆದು ಕೇಳಿದೆ.
ಹೊಲಕ್ಕೆ ತಾನೇ ಬಂದದ್ದು? ಹೊಲದಿಂದ ಅಂದರೆ ಅರ್ಥವೇ ಬೇರೆ.

"ಗೊತ್ತು ಟೀಚರ್.
ಸಾವ್ಕಾರ್ರ ಕೋಸಿನ ಹೊಲದಲ್ಲಿ
ನಮ್ಮಪ್ಪ ರಾತ್ರಿಯೆಲ್ಲ ಡಬ್ಬ ಬಡೀತನೆ, ಅದ ಕಾಡಿಗೆ ಅಟ್ಟಕೆ.
ಅಪ್ಪನೇ ಅಂತನೆ,
ಆ ಹೊಲ ಮೊದ್ಲು ಬಿದಿರುಮೆಳೆ,
ಆ ಆನೆ ಹುಟ್ಟಿದ್ದು ಅಲ್ಲೇ ಅಂತ.
ಅದಕೆ, ಹೊಲದಿಂದ."

ಕೆಂಪು ಪೆನ್ನು ಹಾಳೆಯ ಮೇಲೆ ನಿಂತಿತು,
ಆನ್ ಅಲ್ಲ,
ಓವರ್.
ಅಂಕ ಕೊಟ್ಟೆನೋ ಇಲ್ಲವೋ ಇಲ್ಲಿ ಬರೆಯುವುದಿಲ್ಲ,
ಶಿಕ್ಷಣ ಇಲಾಖೆಯವರು ಓದಿಯಾರು.

ಸಂಜೆ ಆಸನೂರಿನ ಬಸ್ಸು. ಆನ್ ದ ಬಸ್,
ಒಳಗೆ, ಕಿಟಕಿಯ ಪಕ್ಕ.
ಕಂಡಕ್ಟರ್ ಎಲ್ಲಿಗೆ ಅಂತ ಕೇಳಿ ಟಿಕೆಟ್ ಹರಿದ.
ಎಲ್ಲಿಂದ ಅನ್ನುವುದು ಹತ್ತಿದಾಗಲೇ ಕಂಡಿತ್ತು ಅವನಿಗೆ,
ಕೈಯೆಲ್ಲ ಸೀಮೆಸುಣ್ಣ.
ಕೆರೆ ದಾಟಿದ ಮೇಲೆ ಬಸ್ಸು ಸುಮ್ಮನೆ ನಿಂತಿತು.
ರಸ್ತೆಯಲ್ಲಿ ಲದ್ದಿ, ಇನ್ನೂ ಹಬೆಯಾಡುತ್ತಿತ್ತು.
ಡ್ರೈವರು ದೀಪ ಆರಿಸಿದ.
ಮೂಟೆಗಳ ನಡುವಿನಿಂದ ಯಾರೋ ಪಿಸುಗುಟ್ಟಿದರು: "ಆನೆ".

ಮುಂದೆಯೋ ಹಿಂದೆಯೋ
ಇನ್ನೂ ಹೇಳಿರಲಿಲ್ಲ.